ಕೊಕ್ಕರೆಗಾಗಿ ಕರೆಂಟ್ ತೆಗೆಸಿದವರು

ಮಾನ್ವಿಯಲ್ಲಿ ನಮ್ಮ ಓಣಿಗೆ ಬರುತ್ತಿದ್ದ ಲೈನ್‌ಮನ್, ಕಂಬ ಹತ್ತುವ ಮುನ್ನ ರಬ್ಬರ್ ಕೈಗವಸಿಗೆ ಗಾಳಿ ಊದಿ, ಕಿವಿಗೆ ಹಿಡಿದು, ಎಲ್ಲಾದರೂ ತೂತು ಬಿದ್ದಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದರು. ಯಾರು ಅವಸರ ಮಾಡಿದರೂ ಒಂದೇ ಮಾತು: “ತಡೀರಿ, ಜೀವದ ಕೆಲಸ ಅದ.”

ಒಂದು ಬೆಳಿಗ್ಗೆ ಅಕ್ಕಿ ಗಿರಣಿಯ ಎದುರು, ಗದ್ದೆಗೆ ಇಳಿಯುತ್ತಿದ್ದ ಬಣ್ಣದ ಕೊಕ್ಕರೆಯೊಂದು ಕಂಬಕ್ಕೆ ಸುತ್ತಿದ್ದ ಗಾಳಿಪಟದ ದಾರಕ್ಕೆ ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ಕೊಂಚ ಹೊರಳಿದರೂ ಕರೆಂಟ್ ತಂತಿ ತಾಗುವಂತಿತ್ತು. ಲೈನ್‌ಮನ್ ಬಂದವರೇ ಫೋನ್ ಮಾಡಿ ಕರೆಂಟ್ ತೆಗೆಸಿದರು. ಗಿರಣಿ ನಿಂತಿತು. ಮಾಲೀಕರು ಹೊರಗೆ ಬಂದರು.

“ಒಂದ್ ಹಕ್ಕಿ ಸಲುವಾಗಿ ಮಿಲ್ ಬಂದ್ ಮಾಡ್ತೀಯೇನಲೇ?”

“ತಡೀರಿ ಸಾವ್ಕಾರ್ರ, ಜೀವದ ಕೆಲಸ ಅದ.”

ಲೈನ್‌ಮನ್ ಮೇಲೆ ಹತ್ತಿ, ಹೆಗಲ ಟವಲನ್ನು ಕೊಕ್ಕರೆಯ ಕಣ್ಣಿಗೆ ಮುಚ್ಚುವಷ್ಟರಲ್ಲಿ ಅದು ಮೊಣಕೈಗೆ ಕುಟ್ಟಿ ರಕ್ತ ಬರಿಸಿತು. ಅವರು ಕೈ ಬಿಡಲಿಲ್ಲ. ದಾರವನ್ನು ಎಳೆ ಎಳೆಯಾಗಿ ಕತ್ತರಿಸಿದರು. ಕೆಳಗೆ ಹಮಾಲರು, ಸಂತೆಗೆ ಹೊರಟ ಹೆಂಗಸರ ಜೊತೆ ನಾವೂ ಕತ್ತೆತ್ತಿ ನಿಂತಿದ್ದೆವು.

“ಮೆಲ್ಲಕ, ಯಪ್ಪಾ, ಮೆಲ್ಲಕ!” ಎಂದಳು ಒಬ್ಬ ಮುದುಕಿ.

ಟವಲ್ ತೆಗೆದು ಕೈಬಿಟ್ಟಾಗ ಕೊಕ್ಕರೆ ನೇರ ಕೆಳಕ್ಕೆ ಜಾರಿತು. ನಮ್ಮ ತಲೆಯ ಹತ್ತಿರ ಬಂದು ಒಮ್ಮೆಲೇ ರೆಕ್ಕೆ ಬಿಚ್ಚಿತು. ಬಾಲದ ಮೇಲಿನ ಗುಲಾಬಿ ಗರಿಗಳು ಬಿಸಿಲಿಗೆ ಮಿಂಚಿದವು. ಅದು ಗಿರಣಿಯನ್ನು ದಾಟಿ ಮೇಲೇರಿತು.

ಸಿಳ್ಳೆ, ಚಪ್ಪಾಳೆ ಎದ್ದವು. ಎಲ್ಲರಿಗಿಂತ ಮುಂದೆ ಮಾಲೀಕರೇ ಧೋತರ ಎತ್ತಿಕೊಂಡು ರಸ್ತೆಗೆ ಓಡಿ ಕೂಗುತ್ತಿದ್ದರು: “ಹಾರ್ತು ನೋಡ್ರಲೇ, ಕೆರಿ ಕಡಿ ಹೊಂಟದ!”

ಕಂಬದ ತುದಿಯಲ್ಲಿ ಲೈನ್‌ಮನ್ ಕೈ ಎತ್ತಿ ನಗುತ್ತಿದ್ದರು. ಕರೆಂಟ್ ಯಾವಾಗ ಬರುತ್ತದೆ ಎಂದು ಆ ಹೊತ್ತು ಯಾರೂ ಕೇಳಲಿಲ್ಲ.