ಗುರುತಿಲ್ಲದ ಬುರುಜು

ಕಳೆದ ವಾರ ಡಾಲಸ್‌ನಿಂದ ಎರಡು ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ, ಹಳೆಯ ಕೋರ್ಟ್‌ಹೌಸಿನ ಗೋಡೆಗೆಂದು ಕಲಸಿಟ್ಟಿದ್ದ ಗಾರೆಯ ಬಕೆಟ್ಟಿನ ಮುಚ್ಚಳ ತೆಗೆದೆ. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಹೊಸ ಮನೆಯ ವಾಸನೆಯಿರಬಹುದು. ನನಗೆ ಅದು ಆಸ್ಟಿನ್‌ನ ಒಂದು ಗ್ಯಾರೇಜಿನ ವಾಸನೆ, ಪಕ್ಕದಲ್ಲೇ ಇಳಿಯುತ್ತಿದ್ದ ಫಿಲ್ಟರ್ ಕಾಫಿಯದೂ ಸೇರಿ... ಮೇಷ್ಟ್ರು ತೀರಿಕೊಂಡು ವರ್ಷ ತುಂಬುತ್ತ ಬಂತು.

ಹಳೆಯ ಕಟ್ಟಡಗಳನ್ನು ಉಳಿಸುವ ವಿದ್ಯೆ ಕಲಿಯಲು ಮೈಸೂರಿನಿಂದ ಬಂದವಳು ನಾನು. "ರಿಪೇರಿ ಕೆಲಸ ಕಲಿಯೋಕೆ ಅಮೆರಿಕಾಕ್ಕೆ ಹೋಗಬೇಕಾ?" ಎಂದು ಮನೆಯಲ್ಲಿ ನಕ್ಕಿದ್ದರು. ಮೇಷ್ಟ್ರೂ ಮೈಸೂರಿನವರೇ. ಯೂನಿವರ್ಸಿಟಿಯಲ್ಲಿ ಎಲ್ಲರಿಗೂ ಪ್ರೊಫೆಸರ್. ನನಗೆ ಎದುರಿಗೆ ಸರ್, ಮನಸ್ಸಿನಲ್ಲಿ ಮೇಷ್ಟ್ರು. ಅವರ ಕಾರು ಸದಾ ಬಿಸಿಲಲ್ಲಿ ನಿಂತಿರುತ್ತಿತ್ತು, ಏಕೆಂದರೆ ಗ್ಯಾರೇಜಿನ ತುಂಬ ಸುಣ್ಣದ ಬಕೆಟ್ಟುಗಳು. ಶನಿವಾರ ಬೆಳಿಗ್ಗೆ ಹೋದರೆ ಮೊದಲು ಗಾರೆ ಕಲಸಬೇಕು, ಆಮೇಲೆ ಕಾಫಿ. ಈ ಕ್ರಮ ಒಂದು ದಿನವೂ ತಪ್ಪಲಿಲ್ಲ.

ಅವರ ಜೀವವೆಲ್ಲ ಇದ್ದದ್ದು ಒಬ್ಬ ಸತ್ತ ಮನುಷ್ಯನ ಮೇಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಒಂದು ಪುಟ್ಟ ಸಂಸ್ಥಾನಕ್ಕೆ ಆಸ್ಥಾನದ ವಾಸ್ತುಶಿಲ್ಪಿಯಾಗಿದ್ದವನು. ಮೇಷ್ಟ್ರು ಅವನನ್ನು "ನಮ್ಮ ಯಜಮಾನರು" ಎನ್ನುತ್ತಿದ್ದರು, ಒಳಗಿನ ಕೋಣೆಯಲ್ಲಿ ಮಲಗಿದ್ದಾನೇನೋ ಎಂಬಂತೆ. ಬಡಗಿಯ ಮಗ. ನಕ್ಷೆ ನಕಲು ಮಾಡುವ ಕೆಲಸಕ್ಕೆ ಸೇರಿ ದೊರೆಯ ಕಣ್ಣಿಗೆ ಬಿದ್ದ. ದೊರೆಗೆ ಕುದುರೆಲಾಯ ಕಟ್ಟಿಕೊಟ್ಟ, ನಾಟಕಶಾಲೆ ಕಟ್ಟಿಕೊಟ್ಟ. ಕೊನೆಗೆ ಬೆಟ್ಟದ ಮೇಲೆ ಪಾಳುಬಿದ್ದಿದ್ದ ಮೂರು ಕೋಟೆಗಳನ್ನು ಒಂದೊಂದಾಗಿ ಎಬ್ಬಿಸಿ ನಿಲ್ಲಿಸಿದ. ದೊರೆ ಸತ್ತ ಮೇಲೆ ಮಗ ಇವನನ್ನು ಮನೆಗೆ ಕಳಿಸಿದ.

ಮೇಷ್ಟ್ರಿಗೆ ಅವನ ಮೇಲೆ ಅಷ್ಟು ಪ್ರೀತಿ ಬರಲು ಕಾರಣ ಒಂದು ಗುರುತು. ಕೋಟೆಯಲ್ಲಿ ತಾನು ಹೊಸದಾಗಿ ಇಟ್ಟ ಪ್ರತಿಯೊಂದು ಕಲ್ಲಿನ ಕೆಳಮೂಲೆಯಲ್ಲಿ ಅವನು ಸಣ್ಣದೊಂದು ವೃತ್ತ, ಅದರೊಳಗೊಂದು ಚುಕ್ಕೆ ಕೊರೆಸುತ್ತಿದ್ದ. ಮುಂದೆ ಬರುವವರು ಅದನ್ನು ಹಳೆಯ ಕಲ್ಲೆಂದು ಮೋಸಹೋಗಬಾರದು, ಅಷ್ಟೇ. "ಹೊಸದನ್ನ ಹೊಸದು ಅಂತ ಹೇಳ್ಬಿಡಬೇಕಮ್ಮ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಇಲ್ಲ," ಎನ್ನುತ್ತಿದ್ದರು ಮೇಷ್ಟ್ರು. ಮೂವತ್ತು ವರ್ಷ ಅವನ ಬಗ್ಗೆ ಪುಸ್ತಕ ಬರೆದರು. ಮೂರನೆಯ ಕೋಟೆಯ ದಕ್ಷಿಣದ ಬುರುಜು ಆ ಪುಸ್ತಕದ ಕಿರೀಟ. ಅದರಲ್ಲಿ ಒಂದು ಗುರುತೂ ಇಲ್ಲ; ಅಂದರೆ ಅಷ್ಟೂ ಹಳೆಯ ಕಲ್ಲು, ಯಜಮಾನರು ಮುಟ್ಟದೆ ಹಾಗೆಯೇ ಉಳಿಸಿದ್ದು ಎಂದು ಅವರ ವಾದ.

ಪುಸ್ತಕ ಅಚ್ಚಿಗೆ ಹೋಗಲು ತಿಂಗಳಿದ್ದಾಗ ಆ ಬುರುಜಿನ ಚಿತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೇಷ್ಟ್ರು ಆಗಷ್ಟೇ ಜರ್ಮನಿಯಿಂದ ತರಿಸಿದ್ದ ನಕ್ಷೆಗಳ ನಕಲುಪ್ರತಿಗಳ ಸುರುಳಿಯಲ್ಲಿ ತಡಕುವಾಗ ಒಂದು ಹಾಳೆ ಸಿಕ್ಕಿತು. ಕೆಲಸ ಶುರುವಾಗುವ ಮುಂಚೆ ಯಜಮಾನರು ತಮ್ಮ ಕೈಯಾರೆ ಬರೆದ ಅದೇ ಕೋಟೆಯ ನಕ್ಷೆ. ದಕ್ಷಿಣಕ್ಕೆ ಬುರುಜೇ ಇರಲಿಲ್ಲ. ಆ ಜಾಗದಲ್ಲಿ ಒಂದು ಸೇಬಿನ ಮರ ಬರೆದಿದ್ದ, ಪುಣ್ಯಾತ್ಮ.

ಇಡೀ ಬುರುಜು ಹೊಸದು. ಹಳೆಯದೆಂದು ತೋರಿಸಲೆಂದೇ ಗುರುತು ಹಾಕದೆ ಬಿಟ್ಟದ್ದು. ದೊರೆ ಕೇಳಿದನೋ, ಇವನಿಗೇ ಆಸೆಯಾಯಿತೋ... ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ "ಬುರುಜು ಇಲ್ಲ! ಮರ ಇದೆ!" ಎಂದು ಕನ್ನಡದಲ್ಲಿ ಬರೆದುಕೊಂಡೆ.

ಹೇಳಲಿಲ್ಲ. ಮುಂದಿನ ವಾರ ಮೇಷ್ಟ್ರಿಗೆ ಹಾರ್ಟ್ ಆಪರೇಷನ್ ಇತ್ತು. ಅದು ಮುಗಿಯಲಿ ಎಂದುಕೊಂಡೆ. ಅವರು ಚೇತರಿಸಿಕೊಳ್ಳುವಷ್ಟರಲ್ಲಿ ಪುಸ್ತಕ ಅಚ್ಚಾಗಿತ್ತು. ಹಾಳೆಯನ್ನು ಸುರುಳಿಯ ತಳಕ್ಕೆ ಸೇರಿಸಿ ಮೇಷ್ಟ್ರಿಗೆ ಹಿಂದಿರುಗಿಸಿದ್ದೆ, ನನ್ನ ಬರಹ ಅಳಿಸುವುದನ್ನೂ ಮರೆತು. ಇದನ್ನು ದಯೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಅಂದರೆ ಸರಿಯಾಗುತ್ತದೆ.

ಡಾಲಸ್‌ನಲ್ಲಿ ಕೆಲಸ ಸಿಕ್ಕಿತು, ಅದರ ಪಕ್ಕದ ಮರ್ಫಿ ಊರಿಗೆ ಶಿಫ್ಟ್ ಆದೆ. ಮೇಷ್ಟ್ರು ಆಗಾಗ ಫೋನ್ ಮಾಡುತ್ತಿದ್ದರು. ಸುಣ್ಣ, ಕಲ್ಲು, ಆರೋಗ್ಯದ ಮಾತೆಲ್ಲ ಮುಗಿದ ಮೇಲೆ ಪ್ರತಿ ಸಲ ಒಂದೇ ಪ್ರಶ್ನೆ.

"ಮತ್ತೇನಾದ್ರೂ ಹೇಳೋದಿದೆಯೇನಮ್ಮ?"

"ಇಲ್ಲ ಸರ್, ಅಷ್ಟೇ."

ಸರಿ ಎಂದು ಫೋನ್ ಇಡುತ್ತಿದ್ದರು. ಆ ಪ್ರಶ್ನೆ ವಯಸ್ಸಾದವರ ಮರ್ಯಾದೆಯ ಮಾತು ಎಂದುಕೊಂಡಿದ್ದೆ. ಹೀಗೆ ಆರು ವರ್ಷ.

ಅವರು ಹೋದ ಮೇಲೆ ಕ್ಲಿಯರ್ ಲೇಕ್ ಎಂಬ ಊರಿನಲ್ಲಿರುವ ಅವರ ಮಗಳು ಕರೆದರು. ಕೊನೆಯ ದಿನಗಳಲ್ಲಿ ಮೇಷ್ಟ್ರು ಇದ್ದದ್ದು ಅವರ ಮನೆಯಲ್ಲೇ. ಪುಸ್ತಕಗಳೂ ಅಲ್ಲೇ ಇದ್ದವು. ಬೇಕಾದ್ದನ್ನು ತೆಗೆದುಕೊಂಡು ಹೋಗು ಎಂದರು. ಪೆಟ್ಟಿಗೆಯೊಂದರಲ್ಲಿ ಮೇಷ್ಟ್ರ ಸ್ವಂತ ಪ್ರತಿ ಇತ್ತು. ತೆರೆದರೆ ತಾನಾಗಿ ಬುರುಜಿನ ಪುಟವೇ ಬಂತು, ಅಷ್ಟು ಸಲ ತೆರೆದಿದ್ದರು. ನಾನು ಬರೆದ ಚಿತ್ರದಲ್ಲಿ ಬುರುಜಿನ ಒಂದೊಂದು ಕಲ್ಲಿನ ಕೆಳಮೂಲೆಯಲ್ಲೂ ಪೆನ್ಸಿಲಿನ ಪುಟ್ಟ ವೃತ್ತ, ಒಳಗೊಂದು ಚುಕ್ಕೆ. ಪುಟದ ನಡುವೆ ಮಡಿಸಿಟ್ಟ ಹಾಳೆ. ಸೇಬಿನ ಮರ. ನನ್ನ ಕೈಬರಹ. ಅದರ ಕೆಳಗೆ ಅವರ ಕೈಯಲ್ಲಿ ಒಂದು ತಾರೀಖು, ಪುಸ್ತಕ ಬಂದ ಮರುತಿಂಗಳದ್ದು.

ನನಗೆ ಗೊತ್ತಿತ್ತೆಂದು ಅವರಿಗೆ ಆರು ವರ್ಷದಿಂದ ಗೊತ್ತಿತ್ತು.

ಅಷ್ಟರಲ್ಲಿ ಮಗಳು ಬಾಗಿಲಲ್ಲಿ ನಿಂತು, "ಅಪ್ಪನ ಬುಕ್ ರೀಪ್ರಿಂಟ್ ಮಾಡಿಸ್ತಿದ್ದೀನಿ. ಎಕ್ಸಾಕ್ಟ್ಲಿ ಆಸ್ ಇಟ್ ಈಸ್," ಎಂದರು. ಸಂಭ್ರಮದಲ್ಲಿದ್ದರು. ಮತ್ತೊಮ್ಮೆ ಸುಮ್ಮನಿರುವುದು ಬಹಳ ಸುಲಭವಿತ್ತು.

ಹೇಳಿಬಿಟ್ಟೆ, ನೆಲದ ಮೇಲೆ ಪೆಟ್ಟಿಗೆಗಳ ನಡುವೆ ಕೂತು, ಮೊದಲಿನಿಂದ ಕೊನೆಯವರೆಗೆ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಸಿಟ್ಟಾಗುತ್ತಾರೆಂದುಕೊಂಡಿದ್ದೆ.

"ಹಾಸ್ಪಿಟಲ್‌ನಲ್ಲಿ ಹಿ ಕೆಪ್ಟ್ ಆಸ್ಕಿಂಗ್," ಎಂದರು ಕೊನೆಗೆ. "'ಆ ಹುಡುಗಿ ಫೋನ್ ಮಾಡಿದ್ಲಾ?' ಅಂತ. ಐ ಡಿಡಂಟ್ ನೋ ವೈ."

ನಾನು ಅತ್ತೆ. ಅವರು ನನ್ನ ಪಕ್ಕ ನೆಲದ ಮೇಲೆ ಕೂತರು. ಹೊಸ ಮುದ್ರಣದಲ್ಲಿ ಮೇಷ್ಟ್ರು ಗುರುತು ಹಾಕಿದ ಚಿತ್ರವೇ ಇರುತ್ತದೆ, ಆ ಸೇಬಿನ ಮರದ ನಕ್ಷೆಯೂ ಇರುತ್ತದೆ, ಜೊತೆಗೆ ನಡೆದದ್ದನ್ನು ಹೇಳುವ ನನ್ನದೊಂದು ಪುಟ ಎಂದು ಇಬ್ಬರೂ ಸೇರಿ ತೀರ್ಮಾನ ಮಾಡಿದೆವು.

ಕಳೆದ ವಾರ ಕೋರ್ಟ್‌ಹೌಸಿನ ಗೋಡೆಗೆ ಹೊಸ ಕಲ್ಲು ಕೂರಿಸಿ, ಗಾರೆ ತುಂಬಿ, ಕೆಳಮೂಲೆಯಲ್ಲಿ ಸಣ್ಣದೊಂದು ವೃತ್ತ, ಒಳಗೊಂದು ಚುಕ್ಕೆ ನಾನೇ ಕೊರೆದೆ. ಕೈ ತೊಳೆದು ಫೋನ್ ತೆಗೆದೆ. ಅವರ ನಂಬರ್ ಇನ್ನೂ ಅಳಿಸಿಲ್ಲ... ಹೇಳೋದಿತ್ತು ಸರ್.