ಕಾಡಿನಲ್ಲಿ ಓ ಅನ್ನಬಾರದು

ಅಪ್ಪಯ್ಯನನ್ನು ಕಾರಿನ ಪಕ್ಕ ನಿಲ್ಲಿಸಿ ನಾನು ಫೋನಿನಲ್ಲಿ ಮಾತಾಡಲು ಹೋದದ್ದು ಹೆಚ್ಚೆಂದರೆ ಐದು ನಿಮಿಷ. ಹತ್ತು ಅಂತಲೇ ಇಟ್ಟುಕೊಳ್ಳಿ. ಮದರಾಸಿನ ಅಣ್ಣಾ ನಗರದ ಶಾಲೆಯೊಂದರಲ್ಲಿ ಗಣಿತದ ಟೀಚರು ನಾನು. ಯಾರದೋ ಮಗುವಿನ ಅಂಕದ ತಕರಾರು, ಬೇಸಿಗೆ ರಜೆಯಲ್ಲೂ ಬಿಡುವವರಲ್ಲ. ಕೆರೆ ಏರಿಯ ಮೇಲೆ ಮಾತ್ರ ಸಿಗ್ನಲ್ ಸಿಗುತ್ತಿತ್ತು, ಹತ್ತಿ ನಿಂತು ಅವರಿಗೆ ನ್ಯಾಯ ಹೇಳಿದೆ. ತಿರುಗಿ ನೋಡಿದಾಗ ಕಾರಿತ್ತು, ಬಾನೆಟ್ಟಿನ ಮೇಲೆ ಅಪ್ಪಯ್ಯನ ಕನ್ನಡಕ ಇತ್ತು. ಅಪ್ಪಯ್ಯ ಇರಲಿಲ್ಲ.

ಮಗಳು ಹಿಂದಿನ ಸೀಟಿನಲ್ಲಿ ಕಿವಿಗೆ ಏನೋ ಸಿಕ್ಕಿಸಿಕೊಂಡು ಕೂತಿದ್ದಳು. ಕಾಲೇಜಿಗೆ ಹೋಗುವ ಹುಡುಗಿ. "ತಾತ ಎಲ್ಲೇ?" ಅಂದೆ. "ಇಂಗದಾನೇ ಇರುಂದಾರು" ಅಂದಳು, ಇಲ್ಲೇ ಇದ್ದರಲ್ಲ ಎಂದು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. ಅವಳ ಮೇಲೆ ರೇಗಿದೆ. ನನ್ನ ಮೇಲೆ ರೇಗಬೇಕಾದದ್ದನ್ನೂ ಸೇರಿಸಿ ರೇಗಿದೆ.

ಅದು ಪೋರೂರಿನ ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಕಾಡು ಅಂದರೆ ದೊಡ್ಡ ಮರಗಳ ಕಾಡಲ್ಲ. ಆಳೆತ್ತರದ ಮುಳ್ಳುಪೊದೆ, ಜಾಲಿ, ಈಚಲು, ಅಲ್ಲೊಂದು ಇಲ್ಲೊಂದು ಬೇವು, ತಾಳೆ. ಒಂದು ಕಡೆ ಕೆರೆ. ಇನ್ನೊಂದು ಕಡೆ, ಹಿಂದೆ ಗದ್ದೆಗಳಿದ್ದಲ್ಲಿ, ಸೈಟು ಅಳೆದು ನೆಟ್ಟ ಬಿಳಿ ಕಲ್ಲುಗಳು. ನಡುವೆ ಅಲ್ಲಲ್ಲಿ ಇಟ್ಟಿಗೆಗೂಡಿಗೆಂದು ಮಣ್ಣು ತೆಗೆದ ಹೊಂಡಗಳು. ನಾನು ಹೆದರಿದ್ದು ಆ ಹೊಂಡಗಳಿಗೆ. ಕನ್ನಡಕವಿಲ್ಲದೆ ಅಪ್ಪಯ್ಯನಿಗೆ ತಟ್ಟೆಯಲ್ಲಿರುವ ಇಡ್ಲಿಯೇ ಕಾಣುವುದಿಲ್ಲ, ಎದುರಿನ ಹೊಂಡ ಎಲ್ಲಿ ಕಾಣಬೇಕು.

ಅವರು ಕುಂದಾಪುರದ ಆಚೆ, ಘಟ್ಟದ ಬುಡದ ಊರಿನವರು. ಮೀಸೆ ಬರುವ ಮೊದಲೇ ಮದರಾಸಿಗೆ ಬಂದು ಪ್ಯಾರೀಸ್ ಕಾರ್ನರಿನ ಒಂದು ಹೋಟೆಲಿನ ಒಲೆಯ ಮುಂದೆ ನಿಂತವರು, ಮುದುಕರಾದ ಮೇಲೆಯೇ ಅಲ್ಲಿಂದ ಕದಲಿದ್ದು. ವರ್ಷಕ್ಕೊಮ್ಮೆ, ಈ ಸೆಕೆಯಲ್ಲಿ, ಬಸ್ಸು ಹಿಡಿದು ಇಲ್ಲಿಗೆ ಬಂದು ಗೋಣಿ ತುಂಬ ಕರಂಡೆಕಾಯಿ ಕೊಯ್ಯುತ್ತಿದ್ದರು. ಇಲ್ಲಿನವರು ಕಳಾಕ್ಕಾಯ್ ಅನ್ನುವ, ಮುಳ್ಳುಪೊದೆಯಲ್ಲಿ ಬಿಡುವ ಹುಳಿಕಾಯಿ. ಅದರ ಉಪ್ಪಿನಕಾಯಿ ಹಾಕಿದರೇ ಅವರಿಗೆ ಊರಲ್ಲಿ ಇದ್ದ ಹಾಗೆ. ನಾನು ಚಿಕ್ಕವಳಿದ್ದಾಗ ನನ್ನನ್ನೂ ಕರೆದುಕೊಂಡು ಬರುತ್ತಿದ್ದರು.

ಈಗ ಎರಡು ವರ್ಷದಿಂದ ಅವರ ತಲೆಯೊಳಗೆ ಒಂದೊಂದೇ ದೀಪ ಆರುತ್ತಿದೆ. ಊಟ ಮಾಡಿ ಕೈ ತೊಳೆದು ಬಂದು, ಎಲೆ ಹಾಕಲಿಲ್ಲವಾ ಅನ್ನುತ್ತಾರೆ. ಆದರೆ ಸೆಕೆ ಶುರುವಾದದ್ದೇ "ಕರಂಡೆಕಾಯಿ ಆಯ್ತ್, ಹೋಪ" ಎಂದು ದಿನವೂ ಬೆಳಿಗ್ಗೆ ಅಂಗಿ ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ ಕರೆದುಕೊಂಡು ಹೋದರೆ ಗಂಟೇನು ಹೋಗುತ್ತದೆ ಅಂದುಕೊಂಡೆ. ಎಂಥ ಬುದ್ಧಿವಂತೆ ನಾನು.

"ಅಪ್ಪಯ್ಯಾ" ಎಂದು ಕರೆದೆ. ಇನ್ನೂ ಜೋರಾಗಿ ಕರೆದೆ. ಮೂವತ್ತು ವರ್ಷದಿಂದ ಹೆಸರು ಕೂಗಿ ಹಾಜರಿ ತೆಗೆದ ಗಂಟಲು ನನ್ನದು, ಮೂರನೆಯ ಮಹಡಿಯ ಮಕ್ಕಳೂ ನೆಟ್ಟಗಾಗುತ್ತಾರೆ. ಕಾಡು ಮಿಸುಕಲಿಲ್ಲ. ಮಗಳು ಇನ್ನೊಂದು ದಿಕ್ಕಿಗೆ ಹೋಗಿ "ತಾತಾ, ತಾತಾ" ಎಂದು ಕೂಗಿದಳು. ಕಡೆಗೆ ನಾನು ಅವರ ಹೆಸರನ್ನೇ ಹಿಡಿದು ಕರೆದೆ. ಹುಟ್ಟಿದಾಗಿನಿಂದ ಒಮ್ಮೆಯೂ ಹಾಗೆ ಕರೆದವಳಲ್ಲ.

ಮೂರು ಗಂಟೆಗೆ ಶುರುವಾದ ಹುಡುಕಾಟ ನಾಲ್ಕೂವರೆಯಾದರೂ ಮುಗಿಯಲಿಲ್ಲ. ಸೀರೆಯ ಸೆರಗು ಎರಡು ಕಡೆ ಹರಿಯಿತು. ಮೊದಲನೆಯ ಹೊಂಡದ ಅಂಚಿನಲ್ಲಿ ಒಂದು ಚಪ್ಪಲಿ ಬಿದ್ದಿತ್ತು. ಮಗಳು ಇಳಿದು ಹೋಗಿ ತೆಗೆದು ನೋಡಿ, ಇಲ್ಲಮ್ಮಾ, ತಾತನದಲ್ಲ ಎಂದು ತಲೆಯಾಡಿಸಿದಳು. ಯಾರದೋ ಹಳೆಯ ಚಪ್ಪಲಿ. ನಾನು ಅಂಚಿಗೆ ಹೋಗಿ ಬಗ್ಗಿ ನೋಡಿದೆ. ನೀರು ಕೆಂಪಗೆ, ಒಂದು ಸುಕ್ಕೂ ಇಲ್ಲದೆ ನಿಂತಿತ್ತು. ಚಪ್ಪಲಿ ಅವರದಲ್ಲದಿದ್ದರೂ ಈ ನೀರಿನೊಳಗೇ ಇದ್ದಾರೆ ಅಂದುಕೊಂಡೆ.

ಪೊಲೀಸಿಗೆ ಫೋನು ಮಾಡಿದೆ. ಯಾವ ಊರಿನ ಗಡಿ, ಯಾವ ಠಾಣೆ ಎಂದು ಕೇಳಿದರು. ನನಗೇನು ಗೊತ್ತು? ಕೆರೆ ಇದೆ, ಕಾಡಿದೆ, ಸೈಟಿನ ಕಲ್ಲಿದೆ ಅಂದೆ. ಬರುತ್ತೇವೆ ಅಂದರು.

ಆಗ ಸಿಕ್ಕವಳು ಆಡು ಮೇಯಿಸುವ ಹೆಂಗಸು. ನನಗಿಂತ ಹಿರಿಯಳು, ಕೈಯಲ್ಲಿ ಉದ್ದನೆಯ ಕೋಲು. "ಯಾರ ತೇಡ್ರೀಂಗ?" ಎಂದು ಕೇಳಿದಳು, ಯಾರನ್ನು ಹುಡುಕುತ್ತೀರಿ ಎಂದು. ಹೇಳಿದೆ. ವಯಸ್ಸೆಷ್ಟು ಎಂದಳು, ಅದನ್ನೂ ಹೇಳಿದೆ. ಅವಳು ಆಡುಗಳನ್ನು ಅವುಗಳ ಪಾಡಿಗೆ ಬಿಟ್ಟು ನಮ್ಮ ಜೊತೆ ಬಂದಳು. ಉಳಿದ ಹೊಂಡಗಳ ಹತ್ತಿರ ತಾನೇ ಮುಂದೆ ಹೋಗಿ, ಕೋಲಿನಿಂದ ನೀರು ಕಲಕಿ, ಅಂಚಿನ ಮಣ್ಣು ಜಾರಿದೆಯಾ ಎಂದು ಬಗ್ಗಿ ನೋಡಿದಳು. ಇಲ್ಲ ಅಂದಳು.

ನಾವು ಮೂವರೂ ಕೂಗಿದೆವು. ತಾತಾ, ಅಪ್ಪಯ್ಯಾ, ಆ ಹೆಂಗಸಿನದು ಪೆರಿಯವರೇ, ಹಿರಿಯರೇ ಎಂದು. ನನ್ನ ದನಿ ಒಡೆದು ಅಳುವಾಯಿತು. ನಾಚಿಕೆಯೇನೂ ಆಗಲಿಲ್ಲ. ಅಪ್ಪಯ್ಯ ಬನ್ನಿ, ನಾನು ಬಯ್ಯುವುದಿಲ್ಲ, ಇನ್ನು ಮೇಲೆ ಯಾವತ್ತೂ ಬಯ್ಯುವುದಿಲ್ಲ ಎಂದು ಪೊದೆಗಳಿಗೆ ಕೇಳುವ ಹಾಗೆ ಗೋಗರೆದೆ. ಬಯ್ಯುತ್ತಿದ್ದೆ, ಹೌದು. ಕೇಳಿದ್ದನ್ನೇ ಹತ್ತು ಸಲ ಕೇಳಿದಾಗ, ದೇವರ ಗೂಡಿನಲ್ಲಿ ಚಪ್ಪಲಿ ಇಟ್ಟಾಗ ಬಾಯಿಗೆ ಬಂದದ್ದು ಅಂದಿದ್ದೇನೆ. ಆ ಮಾತುಗಳೆಲ್ಲ ಆ ಹೊತ್ತು ಸಾಲಾಗಿ ನೆನಪಿಗೆ ಬಂದವು.

ಹೊತ್ತು ಇಳಿಯಿತು. ಹೆಂಗಸು ಆಕಾಶ ನೋಡಿ, ಆಡುಗಳನ್ನು ಒಟ್ಟು ಮಾಡಿ ಬರುತ್ತೇನೆ ತಾಯಿ, ಬೆಳಕು ಹೋದರೆ ಸಿಗುವುದಿಲ್ಲ ಎಂದಳು. ಕೈಯನ್ನು ಬಾಯಿಯ ಪಕ್ಕ ಇಟ್ಟು ಒಂದು ಸದ್ದು ಮಾಡಿದಳು. ಮಾತಲ್ಲ, ಹೆಸರಲ್ಲ, ಬರೀ ಉದ್ದನೆಯ ಒಂದು ದನಿ. ಪೊದೆಯೊಳಗೆ ಅಲ್ಲಲ್ಲಿ ಆಡುಗಳು ಓಗೊಟ್ಟವು, ಒಂದೊಂದೇ ಹೊರಗೆ ಬಂದವು.

ನನಗೆ ಆಗ ನೆನಪಾಯಿತು. ಇಷ್ಟು ಹೊತ್ತು ಎಲ್ಲಿ ಹೋಗಿತ್ತೋ ಈ ನೆನಪು.

ಅವರ ಊರಿನ ಕಡೆ, ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋದವರು ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಅಪ್ಪ, ಅಮ್ಮ ಎಂದೂ ಕರೆಯುವುದಿಲ್ಲ. ಕಾಡಿನಲ್ಲಿ ಒಂದು ಇದೆಯಂತೆ, ಅದು ನಮ್ಮವರ ದನಿಯನ್ನೇ ಮಾಡಿಕೊಂಡು ಕರೆಯುತ್ತದಂತೆ. ಓ ಎಂದರೆ ಮುಗಿಯಿತು, ಯಾರ ದನಿಯಲ್ಲಿ ಕರೆಯಿತೋ ಅವರ ಬೆನ್ನು ಹತ್ತಿ ಮನೆಯ ತನಕ ಹೋಗುತ್ತದೆ. ಅದಕ್ಕೆ ಕೂ ಹಾಕಬೇಕು. ಉದ್ದಕ್ಕೆ ಒಂದು ಕೂ ಅಂದರೆ ಎಲ್ಲಿದ್ದೀ ಎಂದು. ಚಿಕ್ಕದಾಗಿ ಎರಡು ಅಂದರೆ ಇಲ್ಲಿದ್ದೇನೆ ಎಂದು. ಇದೇ ಕಾಡಿನಲ್ಲಿ, ಇದೇ ಪೊದೆಗಳ ನಡುವೆ, ನನಗೆ ಏಳು ವರ್ಷವಿದ್ದಾಗ ಅಪ್ಪಯ್ಯ ಕಲಿಸಿದ್ದರು. ದೊಡ್ಡವಳಾದ ಮೇಲೆ ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದೆ.

ಕೈಯನ್ನು ಬಾಯಿಗಿಟ್ಟೆ. ಮೊದಲ ಸಲ ಗಾಳಿ ಮಾತ್ರ ಬಂತು. ಮಗಳು ನನ್ನನ್ನೇ ನೋಡುತ್ತಿದ್ದಳು, ಅಮ್ಮನಿಗೂ ಶುರುವಾಯಿತಾ ಅನ್ನುವ ಹಾಗೆ. ಎಂಜಲು ನುಂಗಿ ಇನ್ನೊಮ್ಮೆ ಹಾಕಿದೆ, ಉದ್ದಕ್ಕೆ, ಉಸಿರು ಇರುವಷ್ಟೂ.

ಎರಡು ಕೂ ಬಂದವು. ಚಿಕ್ಕದಾಗಿ, ಸೋತ ದನಿಯಲ್ಲಿ. ಕಾರಿನಿಂದ ಮೂವತ್ತು ಹೆಜ್ಜೆ ಕೂಡ ಇಲ್ಲ, ನಾವು ನಾಲ್ಕು ಸಲ ಹಾದುಹೋದ ಪೊದೆಯ ಹಿಂದಿನಿಂದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಕರಂಡೆಗಿಡದ ಬುಡದಲ್ಲಿ ಕಾಲು ಮಡಚಿ ಕೂತಿದ್ದರು. ಮುಖ, ತೋಳು ಎಲ್ಲ ಮುಳ್ಳು ಗೀರಿ ರಕ್ತ ಒಣಗಿತ್ತು. ತುಟಿ ಬಿರಿದಿತ್ತು. ಹೆಗಲ ಮೇಲೆ ಹಾಕಿಕೊಳ್ಳುವ ಬೈರಾಸು ಮಡಿಲಲ್ಲಿ ಹರಡಿತ್ತು, ಅದರ ತುಂಬ ಕಾಯಿ. ನಾನು ಅವರ ಮುಂದೆ ಮಣ್ಣಿನಲ್ಲೇ ಕೂತು, "ಇಷ್ಟ್ ಹೊತ್ತಿಂದ ಕರೀತಾ ಇದ್ದೆ ಅಪ್ಪಯ್ಯ, ಕೇಂಬುದಿಲ್ಯಾ ನಿಮ್ಗೆ?" ಅಂದೆ.

"ಕೇಂಡಿತ್" ಅಂದರು. "ಯಾವ್ದೋ ಒಂದ್ ನಿನ್ನ್ ದನಿ ಮಾಡ್ಕಂಡ್ ಕರೀತಾ ಇತ್ತ್. ಭಾರೀ ಹೊತ್ತ್ ಕರೀತ್. ಮರ್ಕಿತ್ ಸೈತ." ಮರ್ಕುವುದು ಅಂದರೆ ನಮ್ಮ ಕಡೆ ಅಳುವುದು. "ನಾನ್ ಓ ಅಂದ್ರೆ ಅದ್ ನಿನ್ನ್ ಬೆನ್ನ್ ಹತ್ತತಿತ್ತಲ್ದಾ ಮಗಾ? ಅದ್ಕೇ ಬಾಯಿ ಮುಚ್ಕಂಡ್ ಕೂಕಂಡೆ."

ಬಾಯಿಯನ್ನು ಹೇಗೆ ಮುಚ್ಚಿಕೊಂಡಿದ್ದರು ಎಂದು ಕೈಯಿಟ್ಟು ತೋರಿಸಿದರು. ನೀರಿಲ್ಲದೆ, ಆ ಬಿಸಿಲಿನಲ್ಲಿ, ಮೂರು ಗಂಟೆ ಹೊತ್ತು ನನ್ನನ್ನು ಕಾಪಾಡುತ್ತಾ ಕೂತಿದ್ದರು. ನನ್ನದೇ ದನಿಯಿಂದ ಕಾಪಾಡುತ್ತಾ. ಆಡಿನ ಹೆಂಗಸು ತನ್ನ ಬಾಟಲಿಯ ನೀರನ್ನು ಅವರ ಬಾಯಿಗೆ ಹಿಡಿದಳು. ಪೊಲೀಸಿನವರಿಗೆ ಫೋನು ಮಾಡಿ ಬರುವುದು ಬೇಡ ಅಂದೆ.

ಆ ದಿನ ಮನೆಗೆ ಬಂದದ್ದು ನಾನು ಮತ್ತು ಮಗಳು. ಅಪ್ಪಯ್ಯ ಇನ್ನೂ ಬಂದಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನ ಗ್ಲೂಕೋಸ್ ಹಾಕಿ, ಗಾಯಕ್ಕೆ ಮುಲಾಮು ಹಚ್ಚಿ ಕಳಿಸಿದರು, ಮೈ ಸುಧಾರಿಸಿತು. ಆದರೆ ಅಂದಿನಿಂದ ಅಪ್ಪಯ್ಯ ಎಂದರೆ ಅವರು ತಿರುಗುವುದಿಲ್ಲ. ತಾತಾ ಎಂದರೂ ಇಲ್ಲ. ಪೋರೂರಿನ ಎರಡನೆಯ ಮಹಡಿಯ ಫ್ಲ್ಯಾಟಿನಲ್ಲಿ, ಕೆಳಗೆ ಬಸ್ಸುಗಳು ಹಾರ್ನು ಹೊಡೆಯುತ್ತಿರುವಾಗ, ಅವರು ಪೊದೆಯ ಹಿಂದೆ ಕೂತೇ ಇದ್ದಾರೆ. ಊಟಕ್ಕೆ ಕರೆಯಬೇಕೆಂದರೆ ನಾನು ಅಡುಗೆಮನೆಯಲ್ಲಿ ನಿಂತು ಕೂ ಹಾಕುತ್ತೇನೆ. ಅವರು ಎರಡು ಕೂ ಹಾಕಿ ಎದ್ದು ಬರುತ್ತಾರೆ, ಬರುತ್ತಿದ್ದರು. ಎದುರು ಮನೆಯವರು ಮೊದಲು ಬಾಗಿಲು ತೆಗೆದು ನೋಡಿದರು, ಆಮೇಲೆ ಅದೂ ನಿಂತಿತು. ಅಷ್ಟಾದರೂ ಇದೆಯಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಮೊನ್ನೆ ಮಧ್ಯಾಹ್ನ ಅನ್ನಕ್ಕೆ ಸಾರು ಹಾಕಿ, ಬದಿಗೆ ಆ ದಿನ ಕೊಯ್ದ ಕರಂಡೆಕಾಯಿಯ ಉಪ್ಪಿನಕಾಯಿ ಇಟ್ಟು ಕೂ ಹಾಕಿದೆ. ಮರುದನಿ ಬರಲಿಲ್ಲ. ಮತ್ತೊಮ್ಮೆ ಹಾಕಿದೆ. ಕೈ ಒರೆಸಿಕೊಂಡು ಕೋಣೆಯ ಬಾಗಿಲಿಗೆ ಬಂದೆ. ಅಪ್ಪಯ್ಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಪಕ್ಕದಲ್ಲಿ ಮಗಳು. ಅವರು ಒಂದು ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡಿದ್ದರು, ಇನ್ನೊಂದು ಕೈಯನ್ನು ಅವಳ ಬಾಯಿಯ ಮೇಲೆ ಇಟ್ಟಿದ್ದರು. ಮಗಳು ಕೈ ಸರಿಸಲಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನು ನೋಡಿದಳು.

"ಸುಮ್ನಿರ್" ಎಂದು ಅವಳ ಕಿವಿಯಲ್ಲಿ ಹೇಳಿದರು. "ಅದ್ ನನ್ನ್ ಮಗ್ಳ್ ಅಲ್ಲ. ಕೂ ಹಾಕೂಕೂ ಕಲ್ತಿತ್ ಅದ್."