ಮೊಗ್ಗೋ ಎಲೆಯೋ ಗೊತ್ತಾಗದ ಪಾಪಾಸುಕಳ್ಳಿ

ಗೆಳೆಯರೇ, ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ಹೇಳಿ. ಇಂದು ನನ್ನ ಹೆಂಡತಿಯ ಮೂರನೇ ತಿಂಗಳ ತಿಥಿಗೆ ನಗರಗೆರೆಯಿಂದ ಅಕ್ಕ ಬಂದಳು. ಬಂದವಳೇ, ಹೆಂಡತಿ ಕಿಟಕಿಯ ಬಳಿ ಬೆಳೆಸಿದ್ದ ಪಾಪಾಸುಕಳ್ಳಿಯ ಕುಂಡ ಎತ್ತಿದಳು.

“ಮುಳ್ಳಿನ ಗಿಡ ಮನೆಯೊಳಗೆ ಇಟ್ಕೋಬಾರ್ದು ಕಣೋ. ಅದ್ಕೇ ಹಿಂಗಾಗಿದ್ದು. ತಿಪ್ಪೆಗೆ ಹಾಕ್ತೀನಿ.”

“ಅವಳು ಹೋಗಿದ್ದು ಜ್ವರ ಬಂದು ಅಲ್ವೇನಕ್ಕ.”

ಅಕ್ಕ ಕುಂಡ ಹಿಡಿದು ಹೊರಟೇಬಿಟ್ಟಳು. ಬಾಗಿಲ ಬೆಳಕಿಗೆ ಬಂದಾಗ, ಅಂಗೈಯಂಥ ದಪ್ಪ ಎಲೆಯ ಅಂಚಿನಲ್ಲಿ ಅರಳಿದ್ದ ಹಳದಿ ಹೂ ಅವಳಿಗೆ ಕಂಡಿತು.

“ಎಷ್ಟು ಚೆನ್ನಾಗೈತಪ್ಪ. ಫೋಟೋಗೆ ಇಡಣ” ಎಂದು ಕಿತ್ತೇಬಿಟ್ಟಳು.

ಎಸಳು ರೇಷ್ಮೆಯಂತಿದ್ದರೂ ಹೂವಿನ ಬುಡದ ತುಂಬ ಕೂದಲಿಗಿಂತ ಸಣ್ಣ ಮುಳ್ಳು. ಅರ್ಧ ಗಂಟೆ ಚಿಮಟ ಹಿಡಿದು ಅವಳ ಬೆರಳಿನಿಂದ ಒಂದೊಂದೇ ತೆಗೆದೆ.

“ಈಗ ಗಿಡ ಏನ್ಮಾಡ್ಲಿ?” ಎಂದೆ.

“ಹೂ ಬಿಡೋದಾದ್ರೆ ಇರ್ಲಿ. ಬರೀ ಎಲೆ ಬಿಟ್ರೆ ಬಿಸಾಕು” ಎಂದು ಬಸ್ಸು ಹತ್ತಿದಳು.

ಅಂಚಿನಲ್ಲಿ ಇನ್ನೂ ಎರಡು ಕಡೆ ಹಸಿರಾಗಿ ಉಬ್ಬಿದೆ. ಈ ಗಿಡದಲ್ಲಿ ಮೊಗ್ಗೂ ಹೊಸ ಎಲೆಯೂ ಮೊದಮೊದಲು ಒಂದೇ ಥರ ಕಾಣುತ್ತವೆ. ನೋಡಿದ ಕೂಡಲೇ ಹೇಳುತ್ತಿದ್ದವಳು ಹಳದಿ ಹೂ ಮುಡಿದು ಫೋಟೋದಲ್ಲಿ ಕೂತಿದ್ದಾಳೆ. ಎರಡು ಸಲ ಕೇಳಿದೆ, ಹೇಳಲಿಲ್ಲ.